ಒಂದು ಕಾರಿನಷ್ಟು ಜಾಗ

ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದ ಮಾತು ಶನಿವಾರ ಬೆಳಿಗ್ಗೆ ಎಂಟು ಗಂಟೆಯಷ್ಟರಲ್ಲಿ ಎರಡು ಸಲ ನಾಲಿಗೆಯ ತುದಿಗೆ ಬಂದು ವಾಪಸು ಹೋಗಿತ್ತು. ಮೊದಲ ಸಲ ದಾರಿಯಲ್ಲಿ, ಹಿಂದೆ ಟ್ರೈಲರಿನ ಮೇಲೆ ರೇಸಿನ ಕಾರನ್ನು ಕಟ್ಟಿಕೊಂಡು ಬರುತ್ತಿದ್ದಾಗ. ಆಗ ಬಾವ ಪಕ್ಕದ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಮಲಗಿದವರನ್ನು ಎಬ್ಬಿಸಿ ಹೇಳುವಂಥ ಮಾತು ಅದಲ್ಲ ಎಂದು ಗಾಡಿ ಓಡಿಸುತ್ತಿದ್ದ ಕನ್ನಡಕದಂಗಡಿಯವನು ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡ. ಎರಡನೆಯ ಸಲ ಈಗ, ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಬಾವ ಮಂಡಿಯೂರಿ ಕೂತು ಎಡಗೈಯಿಂದ ಚಕ್ರದ ನಟ್ಟು ಬಿಗಿಯುತ್ತಿದ್ದರು. ಬಿಗಿ ಸಾಕಾದಾಗ ಸ್ಪಾನರು ಟಕ್ ಎನ್ನುತ್ತದೆ. ಆ ಸದ್ದಿಗೆ ಕಾಯುತ್ತ ಅವರು ಉಸಿರು ಹಿಡಿದಿದ್ದರು, ಬಲಗೈಯನ್ನು ಬೇರೆ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ‘ಬಾವ, ಒಂದು ವಿಷಯ’ ಎಂದು ಇವನು ಶುರು ಮಾಡಿದ. ಅವರು ತಲೆ ಎತ್ತಿ, ಜಾರಿದ್ದ ಕನ್ನಡಕವನ್ನು ಮುಂಗೈಯಿಂದ ಮೇಲಕ್ಕೆ ತಳ್ಳಿ, ‘ಹೇಳೋ’ ಅಂದರು. ಆ ಕನ್ನಡಕ ಮಾಡಿಕೊಟ್ಟವನು ಇವನೇ. ಅದನ್ನು ಕಂಡದ್ದೇ ತಡ, ಮಾತು ಬಾಲ ಮುದುರಿಕೊಂಡಿತು. ‘ಏನಿಲ್ಲ, ಹಿಂದಿನ ಟೈರಿಗೆ ಗಾಳಿ ಒಂಚೂರು ಜಾಸ್ತಿ ಆಯ್ತೇನೋ ಅಂತ.’

‘ಟೈರಿನ ಗಾಳಿ ನಾನು ನೋಡ್ಕೋತೀನಿ. ನೀನು ತಲೇಲಿರೋ ಗಾಳಿ ಇಳಿಸ್ಕೊ’ ಎಂದು ಬಾವ ನಕ್ಕರು. ಸ್ಪಾನರು ಟಕ್ ಎಂದಿತು.

ಕನ್ನಡಕದವನಿಗೆ ನಲವತ್ತಾರು ವರ್ಷ. ವಾರಕ್ಕೆ ಆರು ದಿನ ತನ್ನ ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಜನರ ಕಣ್ಣ ಮುಂದೆ ಒಂದಾದ ಮೇಲೊಂದು ಗಾಜು ಇಟ್ಟು ‘ಈಗ ಚೆನ್ನಾಗಿದೆಯಾ, ಮೊದಲೇ ಚೆನ್ನಾಗಿತ್ತಾ’ ಎಂದು ಕೇಳುವುದು ಅವನ ಕಸುಬು. ವರ್ಷದಲ್ಲಿ ಐದಾರು ವಾರಾಂತ್ಯ ಮಾತ್ರ ಈ ಕಾರು. ತಲೆಯ ಮೇಲೆ ಚಾವಣಿಯಿಲ್ಲ, ಚಕ್ರಗಳ ಮೇಲೆ ಮುಚ್ಚಳವಿಲ್ಲ, ಒಬ್ಬನೇ ಒಬ್ಬ ನೆಲಕ್ಕೆ ಅಂಟಿಕೊಂಡಂತೆ ಕಾಲು ಚಾಚಿ ಕೂರಬೇಕು. ಈ ಚಟ ಹತ್ತಿಸಿದವರು ಬಾವ, ಅಕ್ಕನ ಗಂಡ. ಅವರು ದರ್ಜಿ. ಅವರ ಕಣ್ಣಳತೆಗೆ ಪೇಟೆಯೆಲ್ಲ ತಲೆದೂಗುತ್ತಿತ್ತು. ಬಾಗಿಲಲ್ಲಿ ನಿಂತ ಗಿರಾಕಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ‘ಎದೆ ನಲವತ್ತು, ತೋಳು ಇಪ್ಪತ್ನಾಲ್ಕೂವರೆ, ಹೊಟ್ಟೆ ಕೇಳ್ಬೇಡಿ’ ಎನ್ನುವವರು. ಆಮೇಲೆ ಟೇಪು ಹಿಡಿದರೆ ಅದು ಗಿರಾಕಿಯ ಸಮಾಧಾನಕ್ಕೆ. ಅದೇ ಕಣ್ಣಳತೆ ಟ್ರ್ಯಾಕಿನಲ್ಲೂ. ಎರಡು ಕಾರುಗಳ ನಡುವೆ ಎಷ್ಟು ಸಂದಿ ಇದೆ, ಅದರಲ್ಲಿ ತನ್ನ ಕಾರು ಹಿಡಿಸುತ್ತದೋ ಇಲ್ಲವೋ ಎಂದು ಬೇರೆಯವರು ನೋಡುವ ಹೊತ್ತಿಗೆ ಅವರು ಆ ಸಂದಿಯಲ್ಲಿ ತೂರಿ ಆಚೆ ಹೋಗಿರುತ್ತಿದ್ದರು. ಏಳು ವರ್ಷದಲ್ಲಿ ಕನ್ನಡಕದವನು ಒಂದು ಸಲವೂ ಬಾವನಿಗಿಂತ ಮುಂದೆ ರೇಸು ಮುಗಿಸಿರಲಿಲ್ಲ. ಯಾರೂ ಅದನ್ನು ಆಡಿಕೊಂಡವರಲ್ಲ. ಪ್ರತಿ ಸಲವೂ ಬಾವ ಬೆನ್ನು ತಟ್ಟಿ ‘ಇವತ್ತು ಚೆನ್ನಾಗಿ ಓಡಿಸ್ದೆ’ ಅನ್ನುತ್ತಿದ್ದರು. ಅದಕ್ಕೇ ಇವನಿಗೆ ಮೈಯೆಲ್ಲ ಉರಿಯುತ್ತಿತ್ತು, ಉರಿದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ನಾಲ್ಕು ತಿಂಗಳ ಹಿಂದೆ ಇದೇ ಟ್ರ್ಯಾಕು. ಕೊನೆಯ ಸುತ್ತು, ಇವನು ಮೂರನೆಯ ಜಾಗದಲ್ಲಿ, ಬೆನ್ನ ಹಿಂದೆ ಬಾವ. ಉದ್ದದ ನೇರ ದಾರಿ ಮುಗಿದು ಬಲಕ್ಕೆ ಬಗ್ಗುವ ತಿರುವಿಗೆ ಓಡಿಸುವವರೆಲ್ಲ ಕುಡುಗೋಲು ಎನ್ನುತ್ತಾರೆ. ಅಲ್ಲಿ ಬ್ರೇಕು ಹಾಕುವಾಗ ಬಲಗಡೆಯ ಕನ್ನಡಿಯಲ್ಲಿ ಹಳದಿ ಹೆಲ್ಮೆಟ್ಟು ಕಂಡಿತು. ಚೆನ್ನಾಗಿ ಕಂಡಿತು. ಒಳಬದಿಯಲ್ಲಿ ಜಾಗವಿತ್ತು, ಬಾವ ಆ ಜಾಗಕ್ಕೆ ಬಂದಾಗಿತ್ತು. ಚಕ್ರ ಬಯಲಿಗಿರುವ ಕಾರುಗಳಲ್ಲಿ ಒಂದರ ಚಕ್ರ ಇನ್ನೊಂದರ ಚಕ್ರಕ್ಕೆ ತಗುಲಿದರೆ ಹಿಂದಿನ ಕಾರು ಏಣಿ ಹತ್ತಿದ ಹಾಗೆ ಮೇಲಕ್ಕೇಳುತ್ತದೆ. ಅದಕ್ಕೇ, ಪಕ್ಕಕ್ಕೆ ಬಂದವನಿಗೆ ಒಂದು ಕಾರಿನಷ್ಟು ಜಾಗ ಬಿಡಬೇಕು ಎಂಬುದು ಇಲ್ಲಿ ಮೊದಲ ದಿನ ಕಲಿಸುವ ಪಾಠ. ಇವನಿಗೆ ಕಲಿಸಿದವರು ಬಾವನೇ. ಇವನು ಕನ್ನಡಿ ನೋಡಿದ, ಹಳದಿ ಬಣ್ಣ ನೋಡಿದ, ‘ಇವತ್ತು ಚೆನ್ನಾಗಿ ಓಡಿಸ್ದೆ’ ಎಂಬ ಮಾತು ಕಿವಿಯಲ್ಲಿ ಕೇಳಿತು, ಕೈ ಬಲಕ್ಕೆ ತಿರುಗಿತು. ಎಡವಿದ್ದಲ್ಲ, ಕೈ ತಪ್ಪಿದ್ದಲ್ಲ. ತಿರುಗಿಸಿದ. ಹಿಂದೆ ಏನೋ ಒರೆಸಿ ಹೋದ ಸದ್ದಾಯಿತು, ಅಷ್ಟೆ. ತಾನು ಮೂರನೆಯವನಾಗಿ ಗೆರೆ ದಾಟಿದ. ತಿರುವಿನ ಬಾವುಟದವನು ಆ ಕ್ಷಣದಲ್ಲಿ ಆಚೆ ಗಿರಕಿ ಹೊಡೆಯುತ್ತಿದ್ದ ಇನ್ನೊಂದು ಕಾರಿನ ಕಡೆ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಬಾವನ ಬಲ ಮಣಿಕಟ್ಟು ಮೂರು ತುಂಡು. ಗುದ್ದುವುದು ಖಚಿತವಾದಾಗ ಸ್ಟೇರಿಂಗು ಬಿಟ್ಟು ಕೈ ಎದೆಗೆ ಅವಚಿಕೊಳ್ಳಬೇಕು, ಇಲ್ಲದಿದ್ದರೆ ಚಕ್ರ ತಿರುಗಿದಾಗ ಸ್ಟೇರಿಂಗು ಸೆಳೆಯುವ ರಭಸಕ್ಕೆ ಮಣಿಕಟ್ಟು ಮುರಿಯುತ್ತದೆ. ಇದೂ ಬಾವ ಎಲ್ಲರಿಗೂ ಕಲಿಸಿದ ಪಾಠವೇ. ‘ಊರಿಗೆಲ್ಲ ಬುದ್ಧಿ ಹೇಳೋ ನಾನೇ ಕೈ ಬಿಡಲಿಲ್ಲ ನೋಡು’ ಎಂದು ಅವರು ನಗಲು ಹೋಗಿ ನರಳಿದರು. ತಲೆಗೆ ಬಿದ್ದ ಪೆಟ್ಟಿನಿಂದ ಕೊನೆಯ ಎರಡು ಮೂರು ಕ್ಷಣ ಅವರ ನೆನಪಿನಲ್ಲಿ ಕಲಸಿಹೋಗಿದ್ದವು. ‘ಜಾಗ ಇತ್ತು ಅನ್ನಿಸ್ತಲ್ಲೋ ನಂಗೆ’ ಅಂದರು. ಮಂಚದ ಆಚೆ ಬದಿಯಲ್ಲಿ ಅಕ್ಕ ನಿಂತಿದ್ದಳು. ‘ನಾನು ಆಗಲೇ ತಿರುಗಿಸಿಬಿಟ್ಟಿದ್ದೆ ಬಾವ. ನೀವು ಆಮೇಲೆ ಬಂದ್ರಿ. ಕನ್ನಡೀಲಿ ಕಾಣಲೇ ಇಲ್ಲ’ ಎಂದ ಇವನು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ತಾನೇ ಒಂದು ಗಳಿಗೆ ನಂಬಿದ. ಅಧಿಕಾರಿಗಳು ಕೊಟ್ಟ ಫಾರಮ್ಮಿನಲ್ಲೂ ಅದನ್ನೇ ಬರೆದ. ಬಾವ ಎಡಗೈಯ ಸೊಟ್ಟ ಅಕ್ಷರದಲ್ಲಿ ‘ಇಲ್ಲದ ಜಾಗಕ್ಕೆ ನುಗ್ಗಿದೆ. ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. ಪೇಟೆಯಲ್ಲಿ ಇವನ ಗೆಳೆಯರು, ‘ಊರಿಗೆಲ್ಲ ಕಣ್ಣು ಕೊಡೋನಿಗೆ ಸ್ವಂತ ಬಾವನೇ ಕಾಣಲಿಲ್ವಂತೆ’ ಎಂದು ಚೇಷ್ಟೆ ಮಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇವನು ಬೆಚ್ಚಿದ್ದನ್ನು ಯಾರೂ ಗಮನಿಸಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಪ್ಲಾಸ್ಟರು ತೆಗೆಸಿದ ಮರುವಾರ ಬಾವ ಅಂಗಡಿಗೆ ಬಂದರು. ‘ನನ್ನ ಕಣ್ಣು ನೋಡೋ. ಇಲ್ಲದ್ದು ಕಾಣೋಕೆ ಶುರುವಾಗಿದೆ.’ ಇವನು ಅವರನ್ನು ಕತ್ತಲೆ ಕೋಣೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿದ, ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಏರಿಸಿದ. ಗೋಡೆಯ ಮೇಲಿನ ಕೊನೆಯ ಸಾಲನ್ನು, ಇಪ್ಪತ್ತರ ಹುಡುಗರೂ ತಡವರಿಸುವ ಸಾಲನ್ನು, ಅವರು ಪತ್ರಿಕೆ ಓದಿದಂತೆ ಓದಿದರು. ಹತ್ತಿರಕ್ಕೂ ಅಷ್ಟೆ, ಈ ವಯಸ್ಸಿಗೆ ಅಪರೂಪವಾಗಿ, ಸೂಜಿಗೆ ದಾರ ಪೋಣಿಸುವ ಕಣ್ಣು. ಕಣ್ಣಿನಲ್ಲಿ ಏನೂ ದೋಷವಿರಲಿಲ್ಲ. ಹಾಗೆ ಹೇಳಿದ್ದರೆ ಅವರು, ಮತ್ತೆ ಜಾಗ ಇದ್ದದ್ದು ನಿಜವೇ ಎಂದು ಕೇಳುತ್ತಿದ್ದರು. ಅವರ ಮುಖದಿಂದ ಒಂದು ಗೇಣು ದೂರದಲ್ಲಿ ತನ್ನ ಮುಖವಿತ್ತು, ಕತ್ತಲಿತ್ತು, ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಯಾವಾಗ ಸಿಗುತ್ತಿತ್ತು? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ. ‘ಸ್ವಲ್ಪ ಇದೆ ಬಾವ, ಬಹಳ ಏನಲ್ಲ’ ಎಂದ. ‘ಇದೆಯಾ?’ ಎಂದು ಅವರು ನಿಟ್ಟುಸಿರು ಬಿಟ್ಟರು. ಕಾಯಿಲೆಗೆ ಹೆಸರು ಸಿಕ್ಕಿದವನ ನಿಟ್ಟುಸಿರು ಅದು. ಆ ವಾರವೇ ಇವನು ಪವರಿಲ್ಲದ ಬರೀ ಗಾಜು ಕೂರಿಸಿ, ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ಫ್ರೇಮು ಹುಡುಕಿ, ದುಡ್ಡು ಬೇಡವೆಂದು ಕೊಟ್ಟು ಕಳಿಸಿದ. ಬಾವ ಅಂದಿನಿಂದ ಒಂದು ದಿನವೂ ಅದನ್ನು ತೆಗೆದಿಟ್ಟಿಲ್ಲ. ಕಾರನ್ನು ರಿಪೇರಿ ಮಾಡಿಸಿ ಮಾರಲು ನಿಂತಿದ್ದಾರೆ. ಅದು ಈಗ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದೆ, ನಾಳೆ ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರೊಬ್ಬರು ಬಂದು ಒಯ್ಯುತ್ತಾರೆ. ಹೇಳುವುದಾದರೆ ಅದಕ್ಕೆ ಮುಂಚೆ ಹೇಳಬೇಕು. ಅದಕ್ಕೇ ಈ ಸಲ ಅಂಗಡಿಯ ಶೋಕೇಸಿನಿಂದ ಆವತ್ತಿನ ರೇಸಿನ ಮೂರನೆಯ ಬಹುಮಾನದ ಕಪ್ಪನ್ನೂ ತೆಗೆದು, ಟವೆಲಿನಲ್ಲಿ ಸುತ್ತಿ, ಟೂಲು ಪೆಟ್ಟಿಗೆಯ ಅಡಿಗೆ ತುರುಕಿಕೊಂಡು ಬಂದಿದ್ದಾನೆ.

ಮಧ್ಯಾಹ್ನದ ಅರ್ಹತಾ ಸುತ್ತಿನಲ್ಲಿ ಅವನಿಗೆ ಐದನೆಯ ಜಾಗ ಸಿಕ್ಕಿತು. ಬಾವ ಒಂದೊಂದು ಸುತ್ತಿಗೂ ಹಿಡಿದ ವೇಳೆ ಬರೆದ ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು ಬೆರಳಿಟ್ಟು ತೋರಿಸಿದರು. ‘ಬೇರೆ ಎಲ್ಲ ಕಡೆ ಬೆಣ್ಣೆ ಥರ ಹೋಗ್ತಿದ್ದೀಯ. ಕುಡುಗೋಲಿನಲ್ಲಿ ಮಾತ್ರ ಅರ್ಧ ಸೆಕೆಂಡು ಕಳ್ಕೋತೀಯ. ಎಲ್ಲಿ ಬ್ರೇಕು ಹಾಕ್ತಿದ್ದೀಯ?’ ತಿರುವಿಗೆ ಮುಂಚೆ ದಾರಿಯ ಅಂಚಿನಲ್ಲಿ ಮೂರು ಬೋರ್ಡುಗಳಿವೆ, ನೂರೈವತ್ತು, ನೂರು, ಐವತ್ತು ಎಂದು, ತಿರುವು ಇನ್ನೆಷ್ಟು ಮೀಟರು ಎಂದು ತಿಳಿಯಲು. ‘ನೂರೈವತ್ತಕ್ಕೆ’ ಎಂದ ಇವನು. ‘ನೂರೈವತ್ತಕ್ಕೆ ನಮ್ಮತ್ತೆನೂ ಹಾಕ್ತಾರೆ’ ಎಂದರು ಬಾವ. ಆಮೇಲೆ ಹಾಳೆ ಮಡಚಿ, ದನಿ ಇಳಿಸಿ, ‘ನೋಡೋ, ಅಲ್ಲಿ ಆದದ್ದು ನಿನ್ನಿಂದಲ್ಲ. ನನ್ನ ಕಣ್ಣು ಮೋಸ ಮಾಡ್ತು, ನಾನು ನುಗ್ದೆ. ನಿನಗ್ಯಾಕೆ ಆ ಭಯ? ನೂರರ ಬೋರ್ಡಿಗೆ ಹಾಕು’ ಎಂದರು. ಸಮಾಧಾನ ಹೇಳಬೇಕಾದವನಿಗೆ ಸಮಾಧಾನ ಹೇಳಿಸಿಕೊಳ್ಳಬೇಕಾದವರೇ ಹೇಳುತ್ತಿದ್ದರು. ಇವನ ಬಾಯಲ್ಲಿ ಮಾತು ಬಿಸಿತುಪ್ಪವಾಯಿತು. ಭಯವಲ್ಲ ಬಾವ ಅದು, ಎನ್ನಬೇಕು. ನೂರೈವತ್ತರ ಬೋರ್ಡು ಬಂದ ಕೂಡಲೇ ಕಣ್ಣು ತಾನಾಗಿ ಬಲಗಡೆಯ ಕನ್ನಡಿಗೆ ಹೋಗುತ್ತದೆ, ಖಾಲಿ ಕನ್ನಡಿಯಲ್ಲೂ ಹಳದಿ ಕಾಣುತ್ತದೆ, ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಇಲ್ಲದ್ದು ಕಾಣುವ ಕಾಯಿಲೆ ನಿಮಗಲ್ಲ, ನನಗೆ. ಬಾವ ಎದ್ದು ಹೋಗಿ ಹೆಲ್ಮೆಟ್ಟಿನ ಗಾಜನ್ನು ಬಟ್ಟೆಯಿಂದ ಒರೆಸತೊಡಗಿದರು. ತಮ್ಮ ಕನ್ನಡಕವನ್ನೂ ತೆಗೆದು ಅದೇ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಸ್ವಚ್ಛವಾಗಿದೆಯೆಂದು ನಂಬಿ ಮತ್ತೆ ಹಾಕಿಕೊಂಡರು.

ಸಂಜೆ ಲಾಡ್ಜಿನ ಕೋಣೆಯಲ್ಲಿ, ಬಾವ ಸ್ನಾನಕ್ಕೆ ಹೋದಾಗ ಅಕ್ಕನ ಫೋನು ಬಂತು. ‘ಎಷ್ಟನೇ ಜಾಗವೋ?’ ‘ಐದು.’ ‘ನಿಮ್ಮ ಬಾವ ಕನ್ನಡಕ ಹಾಕ್ಕೊಂಡಿದ್ದಾರಾ?’ ‘ಹ್ಞೂಂ.’ ಅಕ್ಕನ ಹಿಂದೆ ಕುಕ್ಕರಿನ ಸೀಟಿ ಕೇಳಿತು. ‘ಕೈ ಸರಿ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ನನಗೆ ಕೈಯಿನ ಚಿಂತೆ ಇಲ್ಲ ಕಣೋ ತಮ್ಮ. ಟೇಪು ಹಿಡ್ಕೊಂಡು ಒಂದೇ ತೋಳನ್ನ ಮೂರು ಮೂರು ಸಲ ಅಳೀತಾರೆ. ಅಳೆದದ್ದನ್ನ ನನ್ನ ಕೈಲಿ ಓದಿಸ್ತಾರೆ. ಮೊನ್ನೆ ಒಬ್ಬ ಹಳೇ ಗಿರಾಕಿ, ಏನ್ರೀ ಟೈಲರ್ ಮೇಷ್ಟ್ರೇ, ಕೆಲಸ ಹೊಸದಾಗಿ ಕಲೀತಿದ್ದೀರಾ ಅಂದ. ತಮಾಷೆಗೆ ಅಂದಿದ್ದು. ಇವರು ಅವತ್ತು ಊಟ ಮಾಡಲಿಲ್ಲ.’ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ‘ಕಾರು ಹೋದ್ರೆ ಪೀಡೆ ಹೋಯ್ತು ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಅದರ ಜೊತೆ ಮನುಷ್ಯನೂ ಹೋಗ್ತಿದ್ದಾರೆ ಅನ್ಸುತ್ತೆ. ನೀನಾದ್ರೂ ಏನಾದ್ರೂ ಹೇಳೋ. ನಿನ್ನ ಮಾತು ಕೇಳ್ತಾರೆ ಅವರು.’ ಹೇಳ್ತೀನಿ ಅಕ್ಕ, ಎಂದ. ಈ ಸಲ ಆ ಮಾತು ಬೇರೆ ಥರ ಹೊರಬಂತು, ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಹಾಗೆ. ಹೇಳಿದರೆ ಏನೇನು ಹೋಗುತ್ತದೆ ಎಂದು ಮಂಚದ ಅಂಚಿನಲ್ಲಿ ಕೂತು ನೋಡಿದ. ಸುಳ್ಳು ಬರೆದುಕೊಟ್ಟದ್ದಕ್ಕೆ ಓಡಿಸುವ ಪರವಾನಗಿ ಹೋಗುತ್ತದೆ, ಒಂದು ವರ್ಷವೋ ಎರಡು ವರ್ಷವೋ. ಅದು ಹೋಗಲಿ. ಅಕ್ಕನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ‘ಬಾವ ಇದ್ದಾರಾ’ ಎಂದು ಕೂಗಿಕೊಂಡೇ ಒಳಗೆ ಹೋಗುವುದು ಹೋಗುತ್ತದೆ. ಆದರೂ ನಿರ್ಧಾರ ಅಲುಗಲಿಲ್ಲ. ಟವೆಲು ಸುತ್ತಿಕೊಂಡು ಬಂದ ಬಾವ, ‘ಯಾರು, ನಿಮ್ಮಕ್ಕನಾ? ನನ್ನ ಮೇಲೆ ಚಾಡಿ ಹೇಳಿದ್ಲಾ?’ ಎಂದು ತಡಕಾಡಿ ಮೊದಲು ಕನ್ನಡಕ ಹುಡುಕಿದರು.

ಭಾನುವಾರ ಎರಡು ಗಂಟೆಗೆ ರೇಸು, ಹನ್ನೆರಡು ಸುತ್ತು. ಮುಂಚೆ ಹೇಳಿದರೆ ಬಾವ ಎದ್ದು ಹೋಗುತ್ತಾರೆ, ನಟ್ಟು ಬಿಗಿಯಲು ಜನವಿರುವುದಿಲ್ಲ, ಎಂದು ಬೆಳಿಗ್ಗೆ ಅನ್ನಿಸಿದ್ದು ನಿಜ. ಆ ನೆಪದ ನಾಚಿಕೆಗೇಡುತನ ತನಗೇ ಗೊತ್ತಿತ್ತು. ಆದರೆ ಅದರ ಹಿಂದೆ ಇನ್ನೊಂದೂ ಇತ್ತು. ಆ ತಿರುವಿನಲ್ಲಿ ಒಮ್ಮೆ ನೂರರ ಬೋರ್ಡಿಗೆ ಬ್ರೇಕು ಹಾಕಿ, ಕಣ್ಣು ತೆರೆದು, ಸರಿಯಾಗಿ ಹೋಗಬೇಕಿತ್ತು. ಅದಾಗದೆ ಹೇಳಿದರೆ ಬರೀ ಹೆದರಿದವನ ತಪ್ಪೊಪ್ಪಿಗೆಯಾಗುತ್ತದೆ ಎಂದು ಅವನಿಗೆ ಬಲವಾಗಿ ಅನ್ನಿಸಿತು. ಬಾವ ಭುಜದ ಪಟ್ಟಿಗಳನ್ನು ಎಡಗೈಯಿಂದ ಎಳೆದು ಬಿಗಿದರು, ಹೆಲ್ಮೆಟ್ಟಿನ ಮೇಲೆ ಎರಡು ಸಲ ಬಡಿದರು. ಯಾವಾಗಲೂ ಹಾಗೆಯೇ ಬಡಿಯುತ್ತಿದ್ದರು, ಹಲಸಿನ ಕಾಯಿ ಹಣ್ಣಾಗಿದೆಯೋ ಎಂದು ತಟ್ಟಿ ನೋಡುವವರಂತೆ. ಹೊರಡುವ ಸೂಚನೆಯ ಕೆಂಪು ದೀಪ ಆರಿತು. ಹದಿನಾಲ್ಕು ಕಾರು ಒಟ್ಟಿಗೆ ಕೂಗಿಕೊಂಡು ಹೊರಟವು. ಮೊದಲ ಸುತ್ತಿನಲ್ಲೇ ಮುಂದಿನವನೊಬ್ಬ ಅಡ್ಡಾದಿಡ್ಡಿ ಹೋಗಿ ಹುಲ್ಲಿಗಿಳಿದ, ಇವನು ನಾಲ್ಕನೆಯವನಾದ. ಮುಂದೆ ಕೆಂಪು ಕಾರು, ಅದರಲ್ಲಿ ಬೇಕರಿಯವಳು. ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ಕಲಸುವ ಹೆಂಗಸು, ರೇಸಿನ ದಿನವೂ ಉಗುರಿನ ಸಂದಿಯಲ್ಲಿ ಹಿಟ್ಟು ಇಟ್ಟುಕೊಂಡೇ ಬರುವವಳು. ಐದು ಸುತ್ತು ಅವಳ ಬೆನ್ನು ನೋಡಿಕೊಂಡು ಹೋದ. ಎಲ್ಲ ಕಡೆ ಹತ್ತಿರವಾಗುತ್ತಿದ್ದ, ಕುಡುಗೋಲಿನಲ್ಲಿ ಮತ್ತೆ ಹಿಂದೆ ಬೀಳುತ್ತಿದ್ದ. ನೂರೈವತ್ತು ಬಂತು ಎಂದರೆ ಕಣ್ಣು ಕನ್ನಡಿಗೆ, ಕಾಲು ಬ್ರೇಕಿಗೆ. ಥೂ, ನಿನ್ನ ಜನ್ಮಕ್ಕಿಷ್ಟು, ಎಂದು ಹೆಲ್ಮೆಟ್ಟಿನೊಳಗೆ ಬೈದುಕೊಂಡ. ಏಳು, ಎಂಟು, ಒಂಬತ್ತು. ಒಂಬತ್ತನೆಯ ಸುತ್ತಿನಲ್ಲಿ, ದಾರಿಯ ಪಕ್ಕ ಸಹಾಯಕರು ನಿಲ್ಲುವ ಪಿಟ್ಟಿನ ಗೋಡೆಯ ಮೇಲೆ ಬಾವ ಕಾಣಿಸಿದರು, ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ‘ನೂರು’ ಎಂದಷ್ಟೇ ಬರೆದು ಎತ್ತಿ ಹಿಡಿದಿದ್ದರು. ಎರಡೂ ಕೈಯಿಂದ ಹಿಡಿದಿದ್ದರು, ಆ ಬಲಗೈಯಿಂದಲೂ.

ಹತ್ತನೆಯ ಸುತ್ತಿನಲ್ಲಿ ನೂರೈವತ್ತರ ಬೋರ್ಡು ಬಂತು, ಹೋಯಿತು. ಕಣ್ಣು ಕನ್ನಡಿಗೆ ಹೋಗಲು ಹವಣಿಸಿತು, ಹೋಗಲು ಬಿಡಲಿಲ್ಲ. ನೂರರ ಬೋರ್ಡು ಬಂದಾಗ ಬ್ರೇಕನ್ನು ಒದ್ದ. ಕೆಂಪು ಕಾರು ಆಗಲೇ ನಿಧಾನವಾಗಿತ್ತು. ಬಲಗಡೆ ಒಳಬದಿಯಲ್ಲಿ ಜಾಗವಿತ್ತು, ಇವನ ಕಾರು ತಾನಾಗಿ ಅದರೊಳಗೆ ಹೋಯಿತು. ತನ್ನ ಮುಂದಿನ ಎಡ ಚಕ್ರ ಅವಳ ಹಿಂದಿನ ಬಲ ಚಕ್ರದ ಪಕ್ಕ ತಿರುಗುತ್ತಿತ್ತು, ನಡುವೆ ಒಂದು ಗೇಣೂ ಇರಲಿಲ್ಲ. ಅವಳ ಕನ್ನಡಿ ಕಂಡಿತು, ಅದರಲ್ಲಿ ಅವಳ ಹೆಲ್ಮೆಟ್ಟಿನ ಕಪ್ಪು ಗಾಜು. ಈಗ ತಿರುಗಿಸುತ್ತಾಳೆ, ಎಂದು ಅವನಿಗೆ ಖಚಿತವಾಯಿತು. ಆವತ್ತು ತಾನು ತಿರುಗಿಸಿದ್ದನಲ್ಲವೇ. ಕೈ ಬಿಡಬೇಕು, ಕೈ ಬಿಟ್ಟು ಎದೆಗೆ ಅವಚಿಕೊಳ್ಳಬೇಕು ಎಂದು ತಲೆ ಹೇಳಿತು. ಕೈ ಬಿಡಲಿಲ್ಲ. ಬಿಟ್ಟರೆ ತನ್ನ ಚಕ್ರ ಅವಳ ಚಕ್ರವನ್ನೇರಿ ನೇರ ಅವಳ ತಲೆಯ ಮೇಲೆ ಹೋಗುತ್ತದೆ, ಅಲ್ಲಿ ತಡೆಯಲು ಏನೂ ಇಲ್ಲ. ಕೈ ಇನ್ನೂ ಗಟ್ಟಿಯಾಗಿ ಹಿಡಿಯಿತು, ಬಲಕ್ಕೆ ಎಳೆಯಿತು, ಅವಳಿಂದ ಆಚೆಗೆ, ಹುಲ್ಲಿನ ಕಡೆಗೆ. ಆಗ ಅವನಿಗೆ ಬಾವನ ಮಣಿಕಟ್ಟು ಯಾಕೆ ಮುರಿಯಿತು ಎಂದು ಗೊತ್ತಾಯಿತು. ಅದು ಮರೆವಲ್ಲ. ನಾಲ್ಕು ತಿಂಗಳ ಹಿಂದೆ ಆ ಹಳದಿ ಹೆಲ್ಮೆಟ್ಟಿನವರು ಕೊನೆಯ ಕ್ಷಣದವರೆಗೆ ಸ್ಟೇರಿಂಗು ಹಿಡಿದದ್ದು ಇವನ ತಲೆ ಉಳಿಯಲಿ ಎಂದು. ಅವರಿಗೇ ಅದು ನೆನಪಿಲ್ಲ.

ಬೇಕರಿಯವಳು ತಿರುಗಿಸಲಿಲ್ಲ. ಒಂದು ಕಾರಿನಷ್ಟು ಜಾಗ ಬಿಟ್ಟು, ತಾನು ಹೊರಬದಿಯಲ್ಲಿ ಅಗಲವಾಗಿ ಸುತ್ತಿ ಹೋದಳು. ಅಷ್ಟೆ. ಇವನು ಮೂರನೆಯವನಾದ. ಮುಂದಿನ ಸುತ್ತಿನಲ್ಲೇ ಅವಳು ಇನ್ನೊಂದು ತಿರುವಿನಲ್ಲಿ ಇವನ ಪಕ್ಕಕ್ಕೆ ಬಂದಳು. ಇವನು ಕನ್ನಡಿಯಲ್ಲಿ ನೋಡಿದ, ಜಾಗ ಬಿಟ್ಟ. ಅವಳು ಹೋದಳು. ರೇಸು ನಾಲ್ಕನೆಯ ಜಾಗದಲ್ಲಿ ಮುಗಿಯಿತು.

ಇವನು ಕಾರು ನಿಲ್ಲಿಸಿ ಇಳಿದ. ಬೇಕರಿಯವಳು ನೀರಿನ ಬಾಟಲಿ ಹಿಡಿದು ನಡೆದು ಬಂದಳು. ‘ಕುಡುಗೋಲಲ್ಲಿ ಭಲೇ ನುಗ್ಗಿದ್ರಲ್ಲ! ಇಷ್ಟು ದಿನ ಎಲ್ಲಿಟ್ಟಿದ್ರಿ ಆ ಧೈರ್ಯಾನ?’

‘ನಾನು ಕಂಡೆನಾ ನಿಮಗೆ?’ ಎಂದ ಇವನು.

‘ಕಾಣದೆ ಏನು? ಕನ್ನಡಿ ಯಾಕಿರೋದು? ಕಂಡ್ರಿ, ಬಿಟ್ಟೆ.’ ಅವಳಿಗೆ ಅದು ಮುಗಿದ ಮಾತು, ಬಾಟಲಿ ಎತ್ತಿ ಗಟಗಟ ಕುಡಿದಳು. ಇಷ್ಟು ಸಣ್ಣ ಕೆಲಸ, ಎಂದು ಇವನಿಗೆ ಅನ್ನಿಸಿತು. ಒಂದು ಜಾಗ ಹಿಂದೆ ಬೀಳುವುದು, ಅಷ್ಟೇ ಬೆಲೆ. ಅದನ್ನು ಕೊಡಲಾರದೆ ತಾನು ಬಾವನ ಕಣ್ಣನ್ನೇ ಕಿತ್ತುಕೊಂಡಿದ್ದ. ಅಳು ಬಂತು, ಹೆಲ್ಮೆಟ್ಟು ಇನ್ನೂ ತಲೆಯ ಮೇಲಿದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ತೂಕ, ತಪಾಸಣೆ ಮುಗಿಸಿ ಕಾರನ್ನು ತಳ್ಳಿಕೊಂಡು ಶೆಡ್ಡಿಗೆ ಬರುವ ಹೊತ್ತಿಗೆ ಮೂರೂವರೆಯಾಗಿತ್ತು. ಹಲ್ಲಿನ ಡಾಕ್ಟರು ಬೇಗನೆ ಬಂದುಬಿಟ್ಟಿದ್ದರು. ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಅರ್ಧ ಸರಿದಿತ್ತು, ಡಾಕ್ಟರು ಸೀಟಿನೊಳಗೆ ಬಗ್ಗಿ ಹಲ್ಲು ನೋಡುವವರ ಹಾಗೆಯೇ ಇಣುಕುತ್ತಿದ್ದರು, ಬಾವ ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಇವನನ್ನು ನೋಡಿ ಅವರ ಮುಖ ಅರಳಿತು. ‘ನೂರಕ್ಕೆ ಹಾಕಿದೆಯಲ್ಲೋ! ನೋಡಿದೆ ನಾನು. ಇವತ್ತು ಚೆನ್ನಾಗಿ ಓಡಿಸ್ದೆ.’ ಡಾಕ್ಟರು ಹೋಗಲಿ, ಒಬ್ಬರೇ ಸಿಗಲಿ ಎಂದು ಕಾಯುವಂತಿರಲಿಲ್ಲ. ಕಾದು ಕಾದು ತಾನೇ ನಾಲ್ಕು ತಿಂಗಳಾದದ್ದು.

‘ಬಾವ, ಜಾಗ ಇತ್ತು.’

‘ಇತ್ತಲ್ಲ ಮತ್ತೆ. ಆ ಹುಡುಗಿ ಚೆನ್ನಾಗೇ ಬಿಟ್ಲು.’

‘ಇವತ್ತಲ್ಲ. ಆವತ್ತು. ನೀವು ಬಂದಾಗ ಜಾಗ ಇತ್ತು. ನಾನು ಆಮೇಲೆ ತಿರುಗಿಸಿದ್ದು. ಕನ್ನಡೀಲಿ ನೀವು ಕಂಡ್ರಿ. ಕಂಡು ತಿರುಗಿಸಿದೆ.’

ಡಾಕ್ಟರು ಸೀಟಿನಿಂದ ತಲೆ ಹೊರಗೆಳೆದುಕೊಂಡು, ತಮ್ಮ ಬೂಟು ನೋಡುತ್ತ ನಿಂತರು. ಎಲ್ಲೋ ಯಾರೋ ಎಂಜಿನ್ನು ಚಾಲೂ ಮಾಡಿ ಆರಿಸಿದರು. ಬಾವ ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡರೂ ಇವನು ಮುಖ ತಗ್ಗಿಸದೆ ನಿಂತ. ಬಾವ ಕೇಳಿದ್ದು ಒಂದೇ ಮಾತು.

‘ಎಷ್ಟಿತ್ತು?’

‘ಒಂದು ಕಾರಿನಷ್ಟು. ಮೇಲೆ ಒಂದು ಗೇಣು.’

‘ಗೇಣಲ್ಲ’ ಎಂದರು ಬಾವ. ದರ್ಜಿಯ ದನಿ ಅದು, ಬಾಗಿಲಲ್ಲಿ ನಿಂತ ಗಿರಾಕಿಯನ್ನು ಅಳೆಯುವ ಹಳೆಯ ದನಿ. ‘ಗೇಣು, ಮೇಲೆ ನಾಲ್ಕು ಬೆರಳು. ನನಗೆ ಹಾಗೇ ಕಂಡಿತ್ತು.’ ಎಡಗೈ ನಿಧಾನವಾಗಿ ಕನ್ನಡಕದ ಕಡೆ ಹೋಯಿತು. ‘ಮತ್ತೆ ಇದು?’

‘ಬರೀ ಗಾಜು.’

ಅವರು ಅದನ್ನು ತೆಗೆದರು. ಮೂಗಿನ ಎರಡೂ ಬದಿಯಲ್ಲಿ ಅದು ಒತ್ತಿದ ಕೆಂಪು ಗುರುತು ಇತ್ತು. ‘ಒಂದೊಂದು ತೋಳನ್ನ ಮೂರು ಮೂರು ಸಲ ಅಳೆದಿದ್ದೀನಿ ಕಣೋ’ ಎಂದರು. ‘ನಿಮ್ಮಕ್ಕನ ಕೈಲಿ ಟೇಪು ಓದಿಸಿದ್ದೀನಿ.’ ಇವನು ಏನೋ ಹೇಳಲು ಬಾಯಿ ತೆರೆದ. ಕೈ ಯಾಕೆ ಬಿಡಲಿಲ್ಲ ಎಂದು ಇವತ್ತು ಗೊತ್ತಾಯಿತು, ಅದನ್ನಾದರೂ ಹೇಳಬೇಕು ಎಂದು. ಬಾವ ಬೇಡ ಎಂಬಂತೆ ಕೈ ಎತ್ತಿದರು. ಕನ್ನಡಕವನ್ನು ಮಡಚಿ ಇವನ ಅಂಗೈಯಲ್ಲಿಟ್ಟು, ಶೆಡ್ಡಿನ ಬಾಗಿಲಿಗೆ ಹೋಗಿ, ಟ್ರ್ಯಾಕಿನ ಆಚೆ ತುದಿಗೆ ಮುಖ ಮಾಡಿ ನಿಂತರು. ಇಳಿಬಿಸಿಲು ಎದುರಿಗೇ ಇತ್ತು. ‘ನೂರೈವತ್ತು’ ಎಂದು ಓದಿದರು. ‘ನೂರು. ಐವತ್ತು.’ ಅದಕ್ಕೂ ಆಚೆ, ತಿರುವಿನ ಬಾವುಟದವನ ಗೂಡಿನ ಮೇಲೆ ಅಂಗೈಯಗಲದ ತಗಡಿನಲ್ಲಿ ಬರೆದ ಅಂಕಿ ಇದೆ. ಇವನ ಕಣ್ಣಿಗೆ ಅದು ಬರೀ ಬಿಳಿ ಚುಕ್ಕಿ. ‘ಏಳು. ಕೆಳಗೆ ಯಾರೋ ಬಣ್ಣ ಸೋರಿಸಿದ್ದಾರೆ’ ಎಂದು ಬಾವ ಓದಿ ಮುಗಿಸಿದರು.

ಆಮೇಲೆ ತಿರುಗಿ ಬಂದು ಟಾರ್ಪಾಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕಾರಿನ ಮೇಲೆ ಎಳೆದು ಹೊದೆಸಿದರು. ಬಲಗೈ ಸರಿಯಾಗಿ ಮಡಚಲಿಲ್ಲ, ಆದರೂ ಎಳೆಯಿತು. ‘ಡಾಕ್ಟ್ರೇ, ನಿಮ್ಮನ್ನ ಇಷ್ಟು ದೂರ ಸುಮ್ಮನೆ ಬರಿಸಿದೆ, ಮನ್ನಿಸಿ’ ಎಂದರು. ಇವನ ಕಡೆ ನೋಡದೆ, ‘ರೇಸಿನ ಆಫೀಸು ಐದಕ್ಕೆ ಮುಚ್ಚುತ್ತೆ’ ಎಂದರು. ‘ಹೋಗಿ ಬರೆದುಕೊಡು. ಗೇಣು, ನಾಲ್ಕು ಬೆರಳು ಅಂತಲೇ ಬರಿ.’

ಕನ್ನಡಕದವನು ಟೂಲು ಪೆಟ್ಟಿಗೆಯ ಅಡಿಯಿಂದ ಮೂರನೆಯ ಬಹುಮಾನದ ಕಪ್ಪನ್ನು ತೆಗೆದುಕೊಂಡು ಆಫೀಸಿನ ಕಡೆ ನಡೆದ.